ರಾಗಿ ಉಣ್ಣುವ ಮಗುವಿಗೆ ಆಫ್ರಿಕಾ ದೂರವಲ್ಲ

ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ ಹೋಬಳಿಯ ಅಂಗನವಾಡಿ, ಶಿಶುವಿಹಾರಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಚಿತ್ರ, ಹಾಡು, ಊಟದ ಮೂಲಕ ಆಫ್ರಿಕಾ ಖಂಡವನ್ನು ಪರಿಚಯ ಮಾಡಿಸಬೇಕು ಎಂದು ನಾನು ಹೇಳುತ್ತಾ ಬಂದಿದ್ದೇನೆ. ಪೋಷಕರ ಸಭೆಯಲ್ಲಿ, ಟೀ ಅಂಗಡಿ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತಿಗೆ ವಿರೋಧ ಎದ್ದಿದೆ. ವಿರೋಧಿಸಿದವರಿಗೆಲ್ಲ ಮಕ್ಕಳ ಮೇಲೆ ಅಕ್ಕರೆ ಇದೆ. ಅಕ್ಕರೆ ಇರುವುದರಿಂದಲೇ ಅವರು ಮಾತಾಡಿದರು. ಅದಕ್ಕೇ ಒಂದೊಂದು ಆಕ್ಷೇಪವನ್ನೂ ಅದರ ಪೂರ್ತಿ ಬಲದೊಂದಿಗೆ ಎತ್ತಿಕೊಂಡು ಉತ್ತರ ಕೊಡುವುದು ನನ್ನ ಕರ್ತವ್ಯ.

ನಾನು ಕೇಳುತ್ತಿರುವುದು ಇಷ್ಟೇ. ವಾರಕ್ಕೊಂದು ಬೆಳಗ್ಗೆ, ಊಟದ ಹೊತ್ತಿಗೆ ಮುಂಚೆ ಒಂದು ಗಂಟೆ, ಮಕ್ಕಳು ನೆಲದ ಮೇಲೆ ಕೂತು ಕೈ ಮಣ್ಣು ಮಾಡಿಕೊಂಡು ಆಡಬೇಕು, ಬಣ್ಣ ಬಳಿಯಬೇಕು. ಆ ಆಟದ ಜೊತೆಗೆ ಆಫ್ರಿಕಾದ ಒಂದು ಊರು, ಅಲ್ಲಿನ ಒಂದು ಮಗು, ಅಲ್ಲಿನ ಒಂದು ತಿಂಡಿಯ ಕಥೆ ಬರಬೇಕು. ದೇಶಗಳ ಪಟ್ಟಿ ಬಾಯಿಪಾಠ ಬೇಡ, ಪರೀಕ್ಷೆ ಬೇಡ, ಹೋಮ್‌ವರ್ಕ್ ಬೇಡ.

1. “ಕುಣಿಗಲ್ಲೇ ಸರಿಯಾಗಿ ಗೊತ್ತಿಲ್ಲದ ಮಗುವಿಗೆ ಖಂಡದ ಮಾತು ಯಾಕೆ?”

ಬಂದ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದು. ಎತ್ತಿದವರು ಒಬ್ಬ ನಿವೃತ್ತ ಮೇಷ್ಟ್ರು, ಸಣ್ಣ ಮಕ್ಕಳಿಗೆ ಪಾಠ ಹೇಳಿಯೇ ತಲೆ ನರೆಸಿಕೊಂಡವರು. ಸಮೀಪದಿಂದ ದೂರಕ್ಕೆ, ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂಬ ಬೋಧನೆಯ ಸೂತ್ರವನ್ನು ಅವರು ನೆನಪಿಸಿದರು. ಅವರ ಮಾತಿಗೆ ದೊಡ್ಡ ಸಾಕ್ಷಿಯೂ ಇದೆ. ಮನೋವಿಜ್ಞಾನಿ ಜೀನ್ ಪಿಯಾಜೆ ಜಿನೀವಾದ ಮಕ್ಕಳನ್ನು ಮಾತಾಡಿಸಿ 1951ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಾವು ಜಿನೀವಾದವರೂ ಹೌದು, ಸ್ವಿಟ್ಜರ್ಲೆಂಡಿನವರೂ ಹೌದು ಎನ್ನುವುದು ಐದಾರು ವರ್ಷದ ಮಕ್ಕಳ ತಲೆಗೆ ಹತ್ತಲಿಲ್ಲ. ಊರು ನಾಡಿನೊಳಗಿದೆ ಎಂಬುದೇ ಆ ವಯಸ್ಸಿಗೆ ಕಷ್ಟವಾದರೆ ಖಂಡ ಹೇಗೆ ಅರ್ಥವಾದೀತು?

ಮೇಷ್ಟ್ರೇ, ನಿಮ್ಮ ಸೂತ್ರವನ್ನು ನಾನು ಪೂರ್ತಿ ಒಪ್ಪುತ್ತೇನೆ. ಖಂಡ ಎಂದರೇನು ಎಂದು ನಾಲ್ಕು ವರ್ಷದ ಮಗುವಿಗೆ ವಿವರಿಸಲು ಹೊರಟರೆ ಅದು ಆ ಮಗುವಿಗೆ ಮಾಡುವ ಅನ್ಯಾಯ. ಆದರೆ ಸಮೀಪವನ್ನು ಯಾವುದರಿಂದ ಅಳೆಯುತ್ತೀರಿ? ದೊಡ್ಡವರಾದ ನಾವು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಮಗುವಿಗೆ ಮಾತ್ರ ಕೈಗೆ ಸಿಕ್ಕಿದ್ದು, ಬಾಯಿಗೆ ಹೋದದ್ದು, ಮೂಗಿಗೆ ವಾಸನೆ ಬಂದದ್ದೇ ಸಮೀಪ. ಆ ಅಳತೆಯಲ್ಲಿ ತುಮಕೂರಿನ ಡಿಸಿ ಆಫೀಸಿಗಿಂತ ತಟ್ಟೆಯಲ್ಲಿರುವ ಮುದ್ದೆ ಎಷ್ಟೋ ಹತ್ತಿರ.

ಆ ಮುದ್ದೆಯಿಂದಲೇ ಶುರು ಮಾಡೋಣ. ರಾಗಿಯನ್ನು ಮೊದಲು ಬೇಸಾಯಕ್ಕೆ ತಂದವರು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ಸೀಮೆಯ ರೈತರು ಎನ್ನುತ್ತದೆ ಸಸ್ಯವಿಜ್ಞಾನ. ಸಾವಿರಾರು ವರ್ಷದ ಹಿಂದೆ ಅದು ಅಲ್ಲಿಂದ ನಮ್ಮ ನೆಲಕ್ಕೆ ಬಂತು. ಪಶ್ಚಿಮ ಉಗಾಂಡಾದ ಮನೆಗಳಲ್ಲಿ ಇಂದಿಗೂ ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ತಿರುವಿ, ಗಟ್ಟಿ ಮುದ್ದೆ ಮಾಡಿ ಕೈಯಲ್ಲೇ ಮುರಿದು ಉಣ್ಣುತ್ತಾರೆ. ಕೀನ್ಯಾದಲ್ಲಿ ರಾಗಿ ಹಿಟ್ಟಿನ ಗಂಜಿಯನ್ನು ಉಜಿ ಎಂದು ಕರೆದು ಬೆಳಗ್ಗೆ ಮಕ್ಕಳಿಗೆ ಕುಡಿಸುತ್ತಾರೆ. ನಮ್ಮ ಅಜ್ಜಿಯರು ಕೂಸಿಗೆ ರಾಗಿ ಸರಿ ತಿನ್ನಿಸಿದ ಹಾಗೆಯೇ. ರಾಗಿಯೊಂದೇ ಅಲ್ಲ. ಜೋಳ, ಸಜ್ಜೆ, ಅಲಸಂದೆ, ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುವ ಹುಚ್ಚೆಳ್ಳು, ಬದುವಿನ ಮೇಲಿನ ಹುಣಸೆ, ಬೇಸಿಗೆಯ ಕಲ್ಲಂಗಡಿ, ಇವೆಲ್ಲದರ ಮೂಲವೂ ಆ ಖಂಡದ್ದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ, ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. 1970ರ ದಶಕದಿಂದ ಆ ತಳಿಗಳು ನಮ್ಮ ಹೊಲಗಳ ಇಳುವರಿಯನ್ನೇ ಬದಲಿಸಿದವು. ಕುಣಿಗಲ್ ಸೀಮೆಯ ಎಷ್ಟೋ ಕಣಜ ತುಂಬಿದ ಕಾಳಿನಲ್ಲಿ ಆಫ್ರಿಕಾದ ಅಂಶ ಬೆರೆತಿದೆ.

ಚಿರತೆಯ ಮಾತನ್ನೂ ತೆಗೆದುಕೊಳ್ಳಿ. ಕುಣಿಗಲ್, ಗುಬ್ಬಿ ಕಡೆಯ ತಾಯಂದಿರಿಗೆ ಚಿರತೆಯ ಭಯ ಹೊಸದಲ್ಲ. ದುರ್ಗದ ಬೆಟ್ಟದ ಸಾಲಿನಲ್ಲಿ ಓಡಾಡುವ ಚಿರತೆಯೂ ಕೀನ್ಯಾದ ಬಯಲಿನ ಚಿರತೆಯೂ ಒಂದೇ ಪ್ರಭೇದ. “ಅಲ್ಲಿಯ ಅಮ್ಮಂದಿರೂ ಸಂಜೆಯಾದ ಮೇಲೆ ಒಬ್ಬನೇ ಹೊರಗೆ ಹೋಗಬೇಡ ಅಂತಾರೆ” ಎಂದರೆ ನಮ್ಮ ಮಗುವಿಗೆ ತಟ್ಟನೆ ಅರ್ಥವಾಗುತ್ತದೆ.

ಇನ್ನು ಅಳಗುಳಿ ಮಣೆ. ಈ ಸೀಮೆಯ ಹಳೇ ಮನೆಗಳ ಅಟ್ಟದ ಮೇಲೆ ಹುಡುಕಿದರೆ ಎರಡು ಸಾಲು, ಒಂದೊಂದು ಸಾಲಿಗೆ ಏಳು ಗುಳಿ ಇರುವ ಮರದ ಮಣೆ ಈಗಲೂ ಸಿಗುತ್ತದೆ. ಘಾನಾದಲ್ಲಿ ಇದೇ ಬಗೆಯ ಆಟಕ್ಕೆ ಓವಾರೆ ಎಂದು ಹೆಸರು. ಅದರ ಮಣೆಗೆ ಸಾಲಿಗೆ ಆರು ಗುಳಿ, ಆಡುವುದು ಗಜ್ಜುಗದ ಬೀಜದಿಂದ. ತಾಂಜಾನಿಯಾದ ಕರಾವಳಿಯಲ್ಲಿ ಆಡುವ ಬಾವೊ ಮಣೆಗೆ ನಾಲ್ಕು ಸಾಲು, ಮೂವತ್ತೆರಡು ಗುಳಿ. ಅಂಗನವಾಡಿಯಲ್ಲಿ ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲೇ ಗುಳಿ ತೋಡಬಹುದು. ಮಕ್ಕಳು ಎದುರುಬದುರು ಕುಕ್ಕರಗಾಲಲ್ಲಿ ಕೂರುತ್ತಾರೆ. ಒಬ್ಬಳು ಒಂದು ಗುಳಿಯ ಹುಣಸೆ ಬೀಜವನ್ನೆಲ್ಲ ಬಾಚಿ ಮುಷ್ಟಿಯಲ್ಲಿ ಹಿಡಿದು, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗುತ್ತಾಳೆ. ಮುಷ್ಟಿಯಲ್ಲಿ ಇನ್ನೂ ಎರಡು ಉಳಿದಿರುವಾಗಲೇ ಸಾಲು ಮುಗಿದುಬಿಡುತ್ತದೆ. ಮಗು ಟೀಚರ್ ಮುಖ ನೋಡುತ್ತದೆ, ಆಮೇಲೆ ಎದುರಿನವನ ಸಾಲಿನ ಕಡೆಗೆ ಕೈ ತಿರುಗಿಸುತ್ತದೆ. ಆ ತಿರುವನ್ನು ಕಂಡುಕೊಳ್ಳುವುದೇ ಆ ದಿನದ ದೊಡ್ಡ ಕಲಿಕೆ. ಆಗ ಟೀಚರ್ ಘಾನಾದ ಮಕ್ಕಳು ಇದೇ ಆಟ ಆಡುತ್ತಿರುವ ಫೋಟೊ ತೋರಿಸಿ, “ಇವರೂ ನಿಮ್ಮ ಹಾಗೇ ಆಡ್ತಾರೆ, ಇವರ ಊರು ಸಮುದ್ರದಾಚೆ ಇದೆ” ಎಂದರೆ ಸಾಕು. ಮೂರು ವರ್ಷದವರ ಕೈಗೆ ಮಾತ್ರ ಸಣ್ಣ ಬೀಜ ಕೊಡಬಾರದು, ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ. ಅವರಿಗೆ ದೊಡ್ಡ ಬೆಣಚುಕಲ್ಲು ಇರಲಿ.

ಮೇಷ್ಟ್ರ ಸೂತ್ರಕ್ಕೆ ಇಲ್ಲಿ ಎಲ್ಲೂ ಭಂಗ ಬಂದಿಲ್ಲ. ನಮ್ಮ ಅಂಗಳದಿಂದ ಹೊರಟು ಘಾನಾದ ಅಂಗಳ ಮುಟ್ಟಿದೆವು, ಅಷ್ಟೇ.

2. “ಅ ಆ ಇ ಈ, ಒಂದು ಎರಡು ಕಲಿಯುವ ಹೊತ್ತು ಹಾಳಾಗುತ್ತದೆ”

ಒಬ್ಬ ತಾಯಿ ನೊಂದು ಹೇಳಿದ ಮಾತು ಇದು. ಪಕ್ಕದ ಮನೆಯ ಮಗು ಕಾನ್ವೆಂಟಿಗೆ ಹೋಗಿ ಎಲ್‌ಕೆಜಿಯಲ್ಲೇ ನೋಟ್‌ಬುಕ್ ತುಂಬಾ ಎಬಿಸಿಡಿ ಬರೆಯುತ್ತದೆ, ನನ್ನ ಮಗಳು ಬೀಜ ಎಣಿಸುತ್ತಾ ಕೂತರೆ ಹಿಂದೆ ಬೀಳುವುದಿಲ್ಲವೇ ಎಂಬುದು ಆಕೆಯ ಆತಂಕ. ಕೂಲಿ ಮಾಡಿ ಮಗಳನ್ನು ಮುಂದೆ ತರಬೇಕೆಂದು ಹಂಬಲಿಸುವ ತಾಯಿಯ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಅಮ್ಮ, ಬೀಜ ಎಣಿಸುವುದೇ ಗಣಿತ. ಒಂದು ಗುಳಿಗೆ ಒಂದೇ ಬೀಜ ಬಿಡುವುದು ಒಂದಕ್ಕೊಂದು ಹೊಂದಿಸುವ ಕಲಿಕೆ. ಅದು ಕೈಗೆ ಬರದ ಮಗು ನೂರರವರೆಗೆ ಮಗ್ಗಿಯ ರಾಗದಲ್ಲಿ ಹೇಳಿದರೂ ಐದು ಲೋಟ ತಾ ಎಂದರೆ ತಡವರಿಸುತ್ತದೆ. ಬೀಜ ಹಿಡಿದ ಬೆರಳು ನಾಳೆ ಬಳಪ ಹಿಡಿಯುತ್ತದೆ. ಹೆಬ್ಬೆರಳು, ತೋರುಬೆರಳುಗಳಿಗೆ ಆ ಹಿಡಿತ ಬರುವ ಮುಂಚೆ ಬರೆಸಿದರೆ ಮಗುವಿಗೆ ಬರೆಯುವುದೆಂದರೆ ಕೈ ನೋವು ಎಂಬ ಪಾಠವಷ್ಟೇ ಆಗುತ್ತದೆ. ಉಗಾಂಡಾದ ಒಬ್ಬ ಅಜ್ಜಿಯ ಕಥೆ ಕೇಳಿ ಅದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳುವ ಮಗುವಿಗೆ ಪದಗಳು ಬೆಳೆಯುತ್ತವೆ. ಓದು ನಿಲ್ಲುವುದು ಆ ಪದಗಳ ಮೇಲೆಯೇ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಬುನಾದಿ ಹಂತವೆಂದು ಕರೆದು ಆಟ ಮತ್ತು ಚಟುವಟಿಕೆಗಳ ಮೂಲಕವೇ ಕಲಿಸಬೇಕು ಎನ್ನುತ್ತದೆ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಇನ್ನೂ ಮುಂದೆ ಹೋಗಿ, ಮೂರರಿಂದ ಆರು ವರ್ಷದವರಿಗೆ ನಿಗದಿತ ಪಠ್ಯಪುಸ್ತಕವೇ ಬೇಡ, ಆಟಿಕೆ, ಕಥೆ, ಹಾಡು, ಚಿತ್ರ ಸಾಕು ಎಂದು ಹೇಳಿದೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ನೂರು ವರ್ಷದ ಹಿಂದೆಯೇ ಆಟವನ್ನು ನಂಬಿ ಮಕ್ಕಳಿಗೆ ಕಲಿಸಿ ತೋರಿಸಿದ್ದರು. 1939ರಲ್ಲಿ ಭಾರತಕ್ಕೆ ಬಂದು ಮಹಾಯುದ್ಧದ ವರ್ಷಗಳನ್ನು ಇಲ್ಲೇ ಕಳೆದ ಮರಿಯಾ ಮಾಂಟೆಸರಿಯ ಪದ್ಧತಿಯಲ್ಲಿ ಮೂರು ವರ್ಷದ ಮಗುವಿನ ಕೈಗೇ ಭೂಗೋಳ ಸಿಗುತ್ತದೆ. ಆ ಗೋಳದಲ್ಲಿ ನೆಲದ ಜಾಗಕ್ಕೆ ಮರಳು ಕಾಗದ ಅಂಟಿಸಿರುತ್ತಾರೆ, ನೀರಿನ ಜಾಗ ನುಣುಪು. ಮಗು ಕಣ್ಣು ಮುಚ್ಚಿ ಬೆರಳಾಡಿಸಿ ಇದು ನೆಲ, ಇದು ನೀರು ಎನ್ನುತ್ತದೆ. ಕಾನ್ವೆಂಟಿನ ನೋಟ್‌ಬುಕ್ಕಿಗಿಂತ ಇದು ಹಿಂದೆ ಬಿದ್ದ ಕಲಿಕೆ ಎಂದು ಯಾರೂ ಹೇಳಲಾರರು.

3. “ಮೊದಲು ನಮ್ಮ ಸಂಸ್ಕೃತಿ ಕಲಿಯಲಿ, ಆಮೇಲೆ ಬೇರೆಯವರದ್ದು”

ನಮ್ಮದು ಮೊದಲು ಎಂಬುದರಲ್ಲಿ ನನಗೆ ತಕರಾರಿಲ್ಲ. ಅಳಗುಳಿ ಮಣೆ ಅಟ್ಟ ಸೇರಿದ್ದನ್ನು ನೋಡಿ ಸಂಕಟಪಡುವವನು ನಾನು. ಆಫ್ರಿಕಾದ ನೆಪದಲ್ಲಿ ಆ ಮಣೆ ಅಟ್ಟದಿಂದ ಇಳಿದರೆ ನಮ್ಮ ಸಂಸ್ಕೃತಿಗೆ ಲಾಭವೇ ಹೊರತು ನಷ್ಟವಿಲ್ಲ.

ಆದರೆ ನಮ್ಮದು ಎಂಬುದರ ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎಂಬುದೇ ಪ್ರಶ್ನೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಿನ ಅಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು; ಹಲವರನ್ನು ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಗುಲಾಮರನ್ನಾಗಿ ಹಿಡಿದು ತಂದರು. ಶತಮಾನಗಳಿಂದ ಅವರು ಈ ನೆಲದವರು. ಅವರು ಕನ್ನಡ, ಕೊಂಕಣಿ ಮಾತಾಡುತ್ತಾರೆ; ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಕನ್ನಡನಾಡಿನ ಚರಿತ್ರೆಯಲ್ಲಿ ಇನ್ನೂ ಹಿಂದೆ ಹೋದರೆ, 17ನೇ ಶತಮಾನದ ಬಿಜಾಪುರದ ಆದಿಲ್ ಶಾಹಿ ದರ್ಬಾರಿನಲ್ಲಿ ಮಂತ್ರಿ ಪದವಿಯಲ್ಲಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಭಕ್ತರು ಕೈಮುಗಿಯುವ ದೊಡ್ಡಹುಣಸೆ ಮರಗಳು ಆಫ್ರಿಕಾದ ಬಾವೊಬಾಬ್ ಮರಗಳೇ. ಇಷ್ಟನ್ನೂ ನಮ್ಮದಲ್ಲ ಎಂದು ಹೊರಗಿಟ್ಟರೆ ಕರ್ನಾಟಕವೇ ಸಣ್ಣದಾಗುತ್ತದೆ.

ಸಿದ್ದಿ ಹೆಂಗಸರು ಹೊಲಿಯುವ ಕವಂದಿಯನ್ನು ಚಿತ್ರದ ಪಾಠಕ್ಕೆ ತರಬಹುದು. ಅದು ಕೌದಿಯ ಬಗೆಯ ಹೊದಿಕೆ. ಹಳೇ ಸೀರೆಯ ಮೇಲೆ ಮನೆಮಂದಿಯ ಸವೆದ ಬಟ್ಟೆಗಳ ತುಂಡು ಇಟ್ಟು, ಒಂದು ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿನ ಕಡೆಗೆ ಸಾಲುಹೊಲಿಗೆ ಹಾಕುತ್ತಾ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕೂರಿಸುತ್ತಾರೆ. ಅಂಗನವಾಡಿಯಲ್ಲಿ ಸೂಜಿ ಬೇಡ. ಮನೆಯಿಂದ ಒಂದೊಂದು ಹಳೇ ಬಟ್ಟೆ ತುಂಡು ತನ್ನಿ ಎಂದರೆ ಒಬ್ಬ ಅಪ್ಪನ ಲುಂಗಿ ತುಂಡು ತರುತ್ತಾನೆ, ಇನ್ನೊಬ್ಬಳು ತಮ್ಮನ ಕುಲಾವಿಯ ಅಂಚು ತರುತ್ತಾಳೆ. ಹಳೇ ಪಂಚೆಯೊಂದನ್ನು ಹಾಸಿ, ಮೈದಾ ಅಂಟಿನಿಂದ ಎಲ್ಲವನ್ನೂ ಅಂಚಿನಿಂದ ನಡುವಿಗೆ ಅಂಟಿಸಬೇಕು. “ಇದು ನಮ್ಮಪ್ಪಂದು” ಎಂದು ಮಗು ತೋರಿಸುವಾಗ ಪಕ್ಕದಲ್ಲೇ ಬೇರೆ ಮನೆಯ, ಬೇರೆ ಕೇರಿಯ ತುಂಡೂ ಇರುತ್ತದೆ. ನಮ್ಮ ಸಂಸ್ಕೃತಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಶಿವರಾಮ ಕಾರಂತರು 1936ರಲ್ಲಿ ಕನ್ನಡದ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ ‘ಬಾಲಪ್ರಪಂಚ’ ಹೊರತಂದರು. ಪುತ್ತೂರಿನ ಬಾಲವನದಲ್ಲಿ ಕುಣಿತ, ನಾಟಕ, ಚಿತ್ರಗಳಿಂದ ಮಕ್ಕಳಿಗೆ ಕಲಿಸಲು ಹೊರಟವರೂ ಅವರೇ. ಯಕ್ಷಗಾನಕ್ಕೆ ಜೀವ ತೇಯ್ದ ಆ ಕಾರಂತರಿಗೆ ಮಕ್ಕಳ ಮುಂದೆ ಜಗತ್ತನ್ನಿಟ್ಟರೆ ಕನ್ನಡತನ ಕಳೆಯುತ್ತದೆ ಎಂಬ ಭಯ ಇರಲಿಲ್ಲ.

4. “ಕಲಿಸುವುದಾದರೆ ಅಮೆರಿಕ ಕಲಿಸಿ, ಆಫ್ರಿಕಾ ಯಾಕೆ?”

ಮಕ್ಕಳು ಮುಂದೆ ಕೆಲಸಕ್ಕೆ ಹೋಗುವುದು ಅಮೆರಿಕಕ್ಕೆ, ಆಫ್ರಿಕಾದಿಂದ ಏನು ಪ್ರಯೋಜನ ಎಂದು ಕೇಳಿದವರಿದ್ದಾರೆ. ಪ್ರಯೋಜನದ ಲೆಕ್ಕಕ್ಕೇ ಬರೋಣ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ, ತೈಲ ಮಾರಿಕೊಂಡು ಆಫ್ರಿಕಾದ ಊರೂರು ಸುತ್ತಿ ಬದುಕು ಕಟ್ಟಿಕೊಂಡವರು ಅವರು. ಭಾರತ ಸರ್ಕಾರದ ತೆರವು ಕಾರ್ಯಾಚರಣೆ ‘ಆಪರೇಷನ್ ಕಾವೇರಿ’ ಅವರನ್ನು ಮನೆಗೆ ತಲುಪಿಸಿತು. ದೊಡ್ಡ ಡಿಗ್ರಿ ಇಲ್ಲದ ಕನ್ನಡಿಗರು ಕೂಡ ನಡೆದಾಡಿದ ನೆಲ ಅದು.

ಆದರೆ ನನ್ನ ನಿಜವಾದ ಕಾರಣ ಬೇರೆ. ಅಮೆರಿಕ, ಯೂರೋಪಿನ ಮುಖಗಳು ಕಾರ್ಟೂನಿನಲ್ಲಿ, ಬಿಸ್ಕತ್ತಿನ ಪೊಟ್ಟಣದಲ್ಲಿ, ಬೊಂಬೆಯ ರೂಪದಲ್ಲಿ ನಮ್ಮ ಮನೆಯೊಳಗೆ ಮೊದಲೇ ಬಂದು ಕೂತಿವೆ. ಆಫ್ರಿಕಾದ ಮುಖ ಒಂದೂ ಬಂದಿಲ್ಲ. ಮಗು ಉಣ್ಣದೆ ಹಟ ಹಿಡಿದರೆ “ಕರಿಯ ಬಂದು ಹಿಡ್ಕೊಂಡು ಹೋಗ್ತಾನೆ” ಎಂದು ಹೆದರಿಸುವ ಮನೆಗಳು ಇನ್ನೂ ಇವೆ. ಮಗು ಬೆಳೆದ ಮೇಲೆ ಆ ಹೆದರಿಕೆ ಎಲ್ಲಿಗೆ ಹೋಗುತ್ತದೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಬಣ್ಣವೊಂದನ್ನೇ ನೋಡಿ ಇವಳೂ ಅವನ ಕಡೆಯವಳು ಎಂದು ಆ ಗುಂಪು ತೀರ್ಮಾನಿಸಿತು. ನಮ್ಮ ತುಮಕೂರು ರಸ್ತೆಯಿಂದ ದೂರವೇನಿಲ್ಲ ಆ ಜಾಗ. ಅಲ್ಲಿ ಸೇರಿದ್ದವರು ರಾಕ್ಷಸರೇನಲ್ಲ, ಒಂದು ಕಾಲಕ್ಕೆ ಯಾವುದೋ ಊರಿನ ಮಕ್ಕಳಾಗಿದ್ದವರೇ.

ಈ ಭೇದ ಯಾವಾಗ ಹುಟ್ಟುತ್ತದೆ ಎಂಬುದನ್ನು ವಿಜ್ಞಾನಿಗಳು ಹುಡುಕಿದ್ದಾರೆ. ಹುಟ್ಟಿದ ಕೂಸಿಗೆ ಅದು ಇಲ್ಲ. ಮೂರು ತಿಂಗಳಾಗುವ ಹೊತ್ತಿಗೆ ದಿನಾ ಕಾಣುವಂಥ ಮುಖಗಳ ಕಡೆಗೇ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಕಪ್ಪು ಬೊಂಬೆ, ಬಿಳಿ ಬೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ತಮ್ಮದೇ ಬಣ್ಣದ ಬೊಂಬೆಯನ್ನು ಕೆಟ್ಟದ್ದು ಎಂದರು. ಶಾಲೆಗಳಲ್ಲಿನ ವರ್ಣಭೇದ ಕಾನೂನುಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ ಈ ಪ್ರಯೋಗವೂ ಅದರ ಗಮನದಲ್ಲಿತ್ತು. ಹೈಸ್ಕೂಲಿನಲ್ಲಿ ವಿಶ್ವಭ್ರಾತೃತ್ವದ ಪ್ರಬಂಧ ಬರೆಸುವ ಹೊತ್ತಿಗೆ ತಡವಾಗಿರುತ್ತದೆ.

ನೋವು ಆಫ್ರಿಕಾದವರಿಗಷ್ಟೇ ಆಗುವುದೂ ಅಲ್ಲ. ಬಿಸಿಲಲ್ಲಿ ಆಡಿ ಕಪ್ಪಗಾದ ನಮ್ಮ ಮಕ್ಕಳು ಅಂಗನವಾಡಿಯಲ್ಲೇ ಅಡ್ಡಹೆಸರು ಹೊತ್ತು ತಿರುಗುತ್ತಾರೆ. ಇದಕ್ಕೊಂದು ಚಿತ್ರದ ಪಾಠವಿದೆ. ಕೆಮ್ಮಣ್ಣು, ಕೆರೆಯ ಗೋಡು, ಇದ್ದಿಲ ಪುಡಿ, ಅರಿಶಿನ, ಅಕ್ಕಿಹಿಟ್ಟನ್ನು ತೆಂಗಿನ ಚಿಪ್ಪುಗಳಲ್ಲಿ ಕಲಸಿಡಿ. ಪ್ರತಿ ಮಗುವೂ ಬೆರೆಸಿ ಬೆರೆಸಿ ತನ್ನ ಮುಂಗೈ ಮೇಲೆ ಇಟ್ಟು ನೋಡಿ, ತನ್ನ ಮೈಬಣ್ಣಕ್ಕೆ ಸರಿಹೊಂದುವುದನ್ನು ಕಂಡುಹಿಡಿಯಲಿ. ಒಂದೇ ಬಣ್ಣ ಎರಡು ಮಕ್ಕಳಿಗೆ ಸರಿಯಾಗುವುದಿಲ್ಲ. ಆ ಬಣ್ಣಗಳಲ್ಲಿ ಅವರವರ ಮುಖ ಬರೆಯಲಿ, ಆಮೇಲೆ ಅದೇ ಚಿಪ್ಪುಗಳಿಂದ ಫೋಟೊದಲ್ಲಿರುವ ಘಾನಾದ ಮಗುವಿನ ಮುಖ ಬರೆಯಲಿ. ಎಲ್ಲ ಮುಖವೂ ಒಂದೇ ಮಣ್ಣಿನಿಂದ ಎದ್ದವೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

5. “ಕೊನೆಗೆ ಸಿಂಹ, ಗುಡಿಸಲು, ಸೊಪ್ಪಿನ ಲಂಗವೇ ಆಗುತ್ತದೆ”

ಇದನ್ನು ಎತ್ತಿದವರು ವಿರೋಧಿಗಳಲ್ಲ, ನನ್ನ ಪರವಾಗಿರುವವರು. ವಾರ್ಷಿಕೋತ್ಸವದಲ್ಲಿ ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಪ್ಪು ಕಟ್ಟಿ, ಈಟಿ ಹಿಡಿಸಿ ‘ಆಫ್ರಿಕನ್ ಡ್ಯಾನ್ಸ್’ ಮಾಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ಕಲಿಸುವುದಕ್ಕಿಂತ ಕಲಿಸದೇ ಇರುವುದು ಮೇಲು. ಈ ಭಯವನ್ನು ನಾನು ಹಂ‍ಚಿಕೊಳ್ಳುತ್ತೇನೆ. ಅದಕ್ಕೆ ಉತ್ತರವಾಗಿ ನಾಲ್ಕು ಕಟ್ಟುಪಾಡು ಮುಂದಿಡುತ್ತೇನೆ.

ಒಂದು: ಮುಖಕ್ಕೆ ಮಸಿ ಬಳಿಯುವುದು ಯಾವ ಕಾರಣಕ್ಕೂ ಕೂಡದು. ಎರಡು: ಆಫ್ರಿಕಾದಲ್ಲಿ ಐವತ್ತನಾಲ್ಕು ದೇಶಗಳಿವೆ, ಆದ್ದರಿಂದ ‘ಆಫ್ರಿಕಾದವರು ಹೀಗೆ’ ಎಂಬ ಮಾತೇ ಬೇಡ. ಘಾನಾದವರು, ಮಾಲಿಯವರು, ಕೀನ್ಯಾದವರು ಎಂದು ಊರು ನಾಡಿನ ಹೆಸರು ಹಿಡಿದೇ ಹೇಳಬೇಕು. ಮೂರು: ಹಳ್ಳಿಯ ಒಂದು ಚಿತ್ರ ತೋರಿಸಿದರೆ ಪಕ್ಕದಲ್ಲೇ ನೈರೋಬಿಯ ಬಸ್ಸು, ಲಾಗೋಸಿನ ಮಾರುಕಟ್ಟೆ, ಕೈರೋದ ಶಾಲೆ ತೋರಿಸಬೇಕು. ಸಿಂಹಕ್ಕಿಂತ ಮೊದಲು ಶಾಲೆಗೆ ಹೋಗುವ ಮಗು ಬರಲಿ. ನಾಲ್ಕು: ಕಲೆಯನ್ನು ಅದನ್ನು ಮಾಡಿದವರ ಹೆಸರಿನೊಂದಿಗೆ ಕಲಿಸಬೇಕು. ದಕ್ಷಿಣ ಆಫ್ರಿಕಾದ ಎನ್ಡೆಬೆಲೆ ಹೆಂಗಸರು ಮನೆಯ ಗೋಡೆಗೆ ಬಿಡಿಸುವ ಗೆರೆ, ತ್ರಿಕೋನಗಳ ಚಿತ್ತಾರವನ್ನು ಹುಡುಗಿಯಾಗಿದ್ದಾಗ ಕಲಿತ ಎಸ್ತರ್ ಮಹ್ಲಾಂಗು 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮೇಲೆ ಅದೇ ಚಿತ್ತಾರ ಬಿಡಿಸಿ ಜಗತ್ತಿಗೆಲ್ಲ ಪರಿಚಿತರಾದರು. ಮಾಲಿಯ ಕುಶಲಕರ್ಮಿಗಳು ಹತ್ತಿ ಬಟ್ಟೆಯನ್ನು ಎಲೆಯ ಕಷಾಯದಲ್ಲಿ ಅದ್ದಿ, ಕೊಳೆಸಿಟ್ಟ ಕೆರೆ ಕೆಸರಿನಿಂದ ಚಿತ್ರ ಬಿಡಿಸುತ್ತಾರೆ. ಎಲೆಯ ಒಗರೂ ಕೆಸರಿನ ಕಬ್ಬಿಣವೂ ಸೇರಿ ತೊಳೆದರೂ ಹೋಗದ ಕಪ್ಪು ಹತ್ತುತ್ತದೆ. ಇದನ್ನು ಬುದ್ಧಿವಂತರ ಕೆಲಸವೆಂದು ಮಕ್ಕಳಿಗೆ ಹೇಳಿಕೊಟ್ಟರೆ ಸೊಪ್ಪಿನ ಲಂಗಕ್ಕೆ ಜಾಗವೇ ಇರುವುದಿಲ್ಲ.

6. “ಅಂಗನವಾಡಿ ಟೀಚರಿಗೆ ಇರುವ ಹೊರೆ ಸಾಲದೇ?”

ಸಾಲದು ಎನ್ನುವ ಧೈರ್ಯ ಯಾರಿಗೂ ಇರಬಾರದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗಿನಿಂದ ಆಕೆಯ ಕೆಲಸ ಕೂಡುತ್ತಲೇ ಬಂದಿದೆ. ಮಕ್ಕಳ ತೂಕ, ಎತ್ತರ, ಚುಚ್ಚುಮದ್ದು, ಗರ್ಭಿಣಿಯರ ಊಟ, ಮೊಟ್ಟೆ, ಹಾಲಿನ ಪುಡಿ, ಮನೆಮನೆ ಸರ್ವೆ, ಪೋಷಣ್ ಟ್ರ್ಯಾಕರ್ ಆ್ಯಪ್, ಅದರ ಮೇಲೆ ಚುನಾವಣೆ ಕೆಲಸ. ಕೊಡುವುದು ಸಂಬಳವೂ ಅಲ್ಲ, ಗೌರವಧನ. ಅವರ ಬೇಡಿಕೆಗಳು ನ್ಯಾಯವಾದವು, ಆ ಹೋರಾಟದಲ್ಲಿ ನಾನು ಅವರ ಕಡೆಗೇ ಇದ್ದೇನೆ.

ಆದ್ದರಿಂದ ನನ್ನ ಪ್ರಸ್ತಾವದಲ್ಲಿ ಹೊಸ ರಿಜಿಸ್ಟರ್ ಇಲ್ಲ, ಹೊಸ ವರದಿ ಇಲ್ಲ, ಖರೀದಿಸಬೇಕಾದ ಕಿಟ್ ಇಲ್ಲ. ಧಾನ್ಯ, ಪ್ರಾಣಿ, ಬಟ್ಟೆ, ಮನೆ ಯಾವ ಅಂಗನವಾಡಿಯಲ್ಲೂ ಬರುವ ವಿಷಯಗಳೇ. ರಾಜ್ಯದ ಅಂಗನವಾಡಿಗಳಲ್ಲಿರುವ ‘ಚಿಲಿಪಿಲಿ’ ಚಟುವಟಿಕೆಗಳ ಜೊತೆಗೇ ಇವನ್ನು ಸೇರಿಸಬಹುದು. ಧಾನ್ಯದ ವಾರ ಬಂದಾಗ ರಾಗಿಯ ಕಥೆ, ಬಟ್ಟೆಯ ವಾರ ಬಂದಾಗ ಕವಂದಿ, ಮನೆಯ ವಾರ ಬಂದಾಗ ಎನ್ಡೆಬೆಲೆ ಗೋಡೆ. ಬೇಕಾದ ಸಾಮಾನು ಹುಣಸೆ ಬೀಜ, ಕೆಮ್ಮಣ್ಣು, ಚಿಪ್ಪು, ಹಳೇ ಪಂಚೆ. ಟೀಚರ್ ಆಫ್ರಿಕಾದ ಪಂಡಿತೆ ಆಗಬೇಕಿಲ್ಲ. ರಾಗಿ ಒಕ್ಕಣೆ, ಅಳಗುಳಿ ಮಣೆಯ ಲೆಕ್ಕ, ಗೋಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವ ಕೆಲಸ ಆಕೆಗೆ ಚೆನ್ನಾಗಿ ಗೊತ್ತು. ಫೋಟೊ ಮುದ್ರಿಸುವ ಖರ್ಚು, ಕಥೆ ಹುಡುಕಿ ಕೊಡುವ ಶ್ರಮ ಊರಿನ ಓದಿದವರದ್ದಾಗಲಿ. ಹೈಸ್ಕೂಲು, ಕಾಲೇಜು ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ಬಂದು ಮಕ್ಕಳ ಜೊತೆ ಕೂರಲಿ. ಅಜ್ಜಿಯರು ಬಂದು ಮಣೆ ಆಡಿಸಲಿ. ಆಗ ಟೀಚರ್ ಹೊರೆ ಹೆಚ್ಚುವುದಿಲ್ಲ, ಆ ಒಂದು ಗಂಟೆ ಇಳಿಯುತ್ತದೆ.

7. “ದೊಡ್ಡವರಾಗುವಷ್ಟರಲ್ಲಿ ಮರೆತೇ ಹೋಗುತ್ತಾರೆ”

ಹೌದು, ಘಾನಾದ ಹೆಸರು ಮರೆಯುತ್ತಾರೆ. ಓವಾರೆ ಮರೆಯುತ್ತಾರೆ. ನಾಲ್ಕು ವರ್ಷದಲ್ಲಿ ಯಾರು ಎತ್ತಿ ಆಡಿಸಿದರು ಎಂಬುದನ್ನೂ ಮರೆಯುತ್ತಾರೆ. ಹಾಗಂತ ಎತ್ತಿ ಆಡಿಸುವುದನ್ನು ಯಾರೂ ಬಿಡುವುದಿಲ್ಲ. ಆ ಎತ್ತುವಿಕೆಯಿಂದ ಮಗುವಿಗೆ ಜನರ ಮೇಲೆ ನಂಬಿಕೆ ಬಂತು, ಅದು ಕೊನೆಯವರೆಗೂ ಇರುತ್ತದೆ. ಇಲ್ಲೂ ಉಳಿಯಬೇಕಾದದ್ದು ಹೆಸರುಗಳಲ್ಲ. ಬೇರೆ ಬಣ್ಣದ, ಬೇರೆ ನುಡಿಯ ಮನುಷ್ಯ ಎದುರು ನಿಂತಾಗ ಎದೆ ಬಿಗಿಯಬಾರದು, ಕಾಲು ಹಿಂದೆ ಸರಿಯಬಾರದು, ಕೈ ಕಲ್ಲು ಹುಡುಕಬಾರದು. ಅದು ಉಳಿದರೆ ನನ್ನ ಬೇಡಿಕೆ ಪೂರ್ತಿಯಾದ ಹಾಗೆ.

ಕೊನೆಯದಾಗಿ, ಈ ಹೋಬಳಿಯ ಪೋಷಕರಿಗೆ, ಬಾಲವಿಕಾಸ ಸಮಿತಿಗಳ ಸದಸ್ಯರಿಗೆ, ಪಂಚಾಯಿತಿಯವರಿಗೆ ನನ್ನ ವಿನಂತಿ ಸ್ಪಷ್ಟವಾಗಿದೆ. ಇಡೀ ಯೋಜನೆಯನ್ನು ಇವತ್ತೇ ಒಪ್ಪಬೇಕಾಗಿಲ್ಲ. ನಿಮ್ಮೂರಿನ ಒಂದು ಅಂಗನವಾಡಿಯಲ್ಲಿ, ಟೀಚರ್ ಒಪ್ಪಿಗೆಯಿಂದ, ಒಂದು ತಿಂಗಳು ವಾರಕ್ಕೊಂದು ಗಂಟೆ ಕೊಡಿ. ಮೊದಲ ವಾರ ರಾಗಿ, ಎರಡನೇ ವಾರ ಅಳಗುಳಿ ಮಣೆ, ಮೂರನೇ ವಾರ ಕವಂದಿ, ನಾಲ್ಕನೇ ವಾರ ಮಣ್ಣಿನ ಬಣ್ಣದ ಮುಖಗಳು. ವಿರೋಧಿಸಿದವರೇ ಬಂದು ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂರಲಿ, ಕೈ ಮಣ್ಣಾಗಲಿ. ತಿಂಗಳ ಕೊನೆಗೆ ಮಕ್ಕಳು ಎಣಿಸುವುದರಲ್ಲಿ, ಮಾತಾಡುವುದರಲ್ಲಿ, ಪಕ್ಕದವರ ಜೊತೆ ಬೆರೆಯುವುದರಲ್ಲಿ ಹಿಂದೆ ಬಿದ್ದಿದ್ದರೆ ನಿಲ್ಲಿಸಿಬಿಡಿ. ಮುಂದೆ ಬಂದಿದ್ದರೆ, ಪಕ್ಕದ ಊರಿನ ಅಂಗನವಾಡಿಗೆ ಹೋಗಿ ಅದನ್ನು ಹೇಳುವ ಜವಾಬ್ದಾರಿ ನಿಮ್ಮದು.